ಖಾಲಿ ಬಿಟ್ಟ ಇಪ್ಪತ್ತೆಂಟು

ಇಪ್ಪತ್ತೇಳು ಆದ ಮೇಲೆ ನೆಟ್ಟಗೆ ಇಪ್ಪತ್ತೊಂಬತ್ತಕ್ಕೆ ಜಿಗಿಯುವ ಪುಸ್ತಕವೊಂದು ಈಗ ನಮ್ಮ ಮನೆಯ ಕಪಾಟಿನಲ್ಲಿದೆ. ಜೀವಮಾನವೆಲ್ಲ ಹುಡುಗರಿಗೆ ಗಣಿತ ಕಲಿಸಿದವರು ಇದನ್ನು ಹೇಗೆ ಮನೆಗೆ ಸೇರಿಸಿದಿರಿ ಎಂದು ನನ್ನ ಹೆಂಡತಿ ಚೇಷ್ಟೆ ಮಾಡುತ್ತಾಳೆ. ಅದನ್ನು ಕಂಡರೆ ನನಗೂ ಇವತ್ತಿಗೂ ಮೈ ಉರಿಯುತ್ತದೆ. ಆದರೆ ಅದು ಚಾಚಾ ಅವರ ಪುಸ್ತಕ. ಚಾಚಾ ಹೋದ ವರ್ಷ ತೀರಿಕೊಂಡರು. ಅವರಿದ್ದಾಗ ಈ ನಂಬರುಗಳ ಸಲುವಾಗಿ ಭಾನುವಾರ ಬಂತೆಂದರೆ ಜಗಳ ತೆಗೆಯುತ್ತಿದ್ದೆ. ಈಗ ಜಗಳಕ್ಕೂ ಜನ ಇಲ್ಲ.

ಬಜಾರಿನವರೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದರು, ನಾನೂ ಅದನ್ನೇ ಅಂದೆ, ಇಲ್ಲಿಗೂ ಅದೇ ಸಾಕು. ರಾಯಚೂರಿನ ಬಜಾರಿನಲ್ಲಿ ಅವರದು ಪಾತ್ರೆ ಅಂಗಡಿ. ಮುಂದೆ ಸ್ಟೀಲು, ಒಳಗೆ ತಾಮ್ರ ಹಿತ್ತಾಳೆ. ನಾನು ಮೊದಲ ಸಲ ಹೋದದ್ದು ತಂಗಿಯ ಗೃಹಪ್ರವೇಶಕ್ಕೆ ಒಂದು ಕೊಡ ಕೊಳ್ಳಲು. ಹೊಳೆಯುವ ಕೊಡವೊಂದನ್ನು ಆರಿಸಿ ಮುಂದಿಟ್ಟೆ. ಅವರು ಅದನ್ನು ಬೆರಳಿನ ಗೆಣ್ಣಿನಿಂದ ಬಡಿದು, ಕಿವಿಗೆ ಹಿಡಿದು, ಮುಖ ಸಿಂಡರಿಸಿದರು.

"ಇದು ಕೆಮ್ಮಾಕತ್ತದ. ಬ್ಯಾಡ. ಬ್ಯಾರೆ ತೊಗೋರಿ."

ತನ್ನ ಅಂಗಡಿಯ ಕೊಡವನ್ನು ತಾನೇ ಬೇಡ ಎನ್ನುವ ವ್ಯಾಪಾರಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಎರಡನೆಯ ಕೊಡ ಬಡಿದು ನನ್ನ ಕಿವಿಗೂ ಹಿಡಿದರು. ನನಗೆ ಎರಡೂ ಒಂದೇ ಥರ ಕೇಳಿಸಿದವು. ಆದರೂ ತಿಳಿದವರಂತೆ ತಲೆ ಆಡಿಸಿದೆ. ಅವರು ನಕ್ಕರು. ಹಾಗೆ ಶುರುವಾದ ಸ್ನೇಹ.

ಅವರ ಅಂಗಡಿಯಲ್ಲಿ ಹಳೆಯ ತಾಮ್ರವನ್ನು ತೂಕಕ್ಕೆ ತೆಗೆದುಕೊಂಡು ಹೊಸ ಪಾತ್ರೆ ಕೊಡುವ ಪದ್ಧತಿ ಇತ್ತು. ಗಬ್ಬೂರು, ಚಂದ್ರಬಂಡ, ನಮ್ಮ ಹಿರೇಕೊಟ್ನೆಕಲ್ ಕಡೆಯಿಂದ ಹೆಂಗಸರು ಸೋರುವ ಹಂಡೆ, ಕಂಠ ಸೀಳಿದ ತಂಬಿಗೆ ಹೊತ್ತುಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ಎಷ್ಟೋ ಸಲ ಹಂಡೆಯ ಜೊತೆಗೆ ಸೆರಗಿನ ಗಂಟಿನಿಂದ ನಾಕಾರು ತಾಮ್ರದ ಬಿಲ್ಲೆಗಳೂ ಉದುರುತ್ತಿದ್ದವು. ನಿಜಾಮನ ಕಾಲದವು, ಇನ್ನೂ ಹಿಂದಿನವು. ಅವು ಗುಂಡಗೂ ಇರುತ್ತಿರಲಿಲ್ಲ, ಚೌಕವೂ ಅಲ್ಲ, ಹೆಂಚಿನ ಚೂರಿನ ಹಾಗೆ ದಪ್ಪ. ಬೇರೆ ಅಂಗಡಿಯವರು ಅವನ್ನೂ ತಕ್ಕಡಿಗೆ ಎಸೆಯುತ್ತಿದ್ದರು. ಚಾಚಾ ಮಾತ್ರ ಒಂದೊಂದನ್ನೇ ಎತ್ತಿ, ಮೂಸಿ ನೋಡಿ, ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದು, ಆಮೇಲೆ ಪಕ್ಕಕ್ಕೆ ಇಡುತ್ತಿದ್ದರು. ಯಾಕೆ ಮೂಸುತ್ತೀರಿ ಎಂದು ಕೇಳಿದರೆ, "ಸುಳ್ಳು ನಾಣ್ಯ ಹುಳಿ ವಾಸನಿ ಹೊಡಿತದ ಮಾಸ್ತರ್" ಎನ್ನುತ್ತಿದ್ದರು. ನಾನೂ ಮೂಸಿದ್ದೇನೆ. ನನಗೆ ಎಲ್ಲವೂ ಅವರ ಅಂಗಡಿಯ ವಾಸನೆಯನ್ನೇ ಹೊಡೆಯುತ್ತಿದ್ದವು.

ಪುಸ್ತಕ ಬಂದದ್ದು ಹೈದರಾಬಾದಿನಿಂದ, ರದ್ದಿಯಲ್ಲಿ. ಜಗತ್ತಿನ ನಾಣ್ಯಗಳನ್ನೆಲ್ಲ ದೇಶ, ಊರು, ರಾಜ ಅಂತ ವಿಂಗಡಿಸಿ ಒಂದೊಂದಕ್ಕೂ ನಂಬರು ಕೊಟ್ಟ ದಪ್ಪ ಇಂಗ್ಲಿಷ್ ಪುಸ್ತಕ. ಬೆನ್ನು ಕಿತ್ತುಹೋಗಿತ್ತು, ಚಾಚಾ ಅದಕ್ಕೆ ಮೇಣಬಟ್ಟೆಯ ಅಂಗಿ ಹೊಲಿಸಿದ್ದರು. ಗದ್ವಾಲ, ನಾರಾಯಣಪೇಟೆ, ಸುರಪುರ ಹೀಗೆ ನಮ್ಮ ಸುತ್ತಿನ ಸಣ್ಣ ಟಂಕಸಾಲೆಗಳಿಗೆಂದು ಅದರಲ್ಲಿ ಕೆಲವು ಹಾಳೆಗಳಿದ್ದವು. ಇಂಗ್ಲಿಷ್ ಓದಿ ಹೇಳುವುದು ನನ್ನ ಕೆಲಸ, ನಾಣ್ಯದ ಮೇಲಿನ ಫಾರ್ಸಿ ಅಕ್ಷರ ಓದುವುದು ಅವರದು. ಭಾನುವಾರ ಅಂಗಡಿ ಅರ್ಧ ಬಾಗಿಲು ಹಾಕಿ, ಚಹಾ ತರಿಸಿ, ಇಬ್ಬರೂ ಕೂರುತ್ತಿದ್ದೆವು.

ಅಲ್ಲಿಂದಲೇ ನನ್ನ ತಲೆ ಕೆಡಲು ಶುರುವಾಯಿತು. ಹದಿನಾಲ್ಕಾದ ಮೇಲೆ ಎ-ಹದಿನೈದು ಬರುತ್ತದೆ, ಆಮೇಲೆ ಹದಿನೈದು. ಹತ್ತೊಂಬತ್ತಕ್ಕೆ ಚುಕ್ಕಿ ಒಂದು, ಚುಕ್ಕಿ ಎರಡು ಎಂದು ಮರಿಗಳು. ಇಪ್ಪತ್ತೆರಡಕ್ಕೆ ಬಾಲದಲ್ಲಿ ಒಂದು ಎ. ಇಪ್ಪತ್ತೆಂಟು ಇಲ್ಲವೇ ಇಲ್ಲ. ಇಂಥ ಎಣಿಕೆಯನ್ನು ನನ್ನ ಶಾಲೆಯ ಹುಡುಗ ಬರೆದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಚಾಚಾಗೆ ಅದರಲ್ಲಿ ಎಲ್ಲಿಲ್ಲದ ಖುಷಿ. "ಮಾಸ್ತರ್, ನಿಮ್ಮ ಗಣಿತದಾಗ ಹೊಸಬ ಬಂದ್ರ ಏನ್ ಮಾಡ್ತೀರಿ? ಎಲ್ಲಾರನ್ನೂ ಒಂದೊಂದು ಮನಿ ಮುಂದ ದಬ್ಬತೀರಿ. ಇಲ್ಲಿ ಹಂಗಿಲ್ಲ. ಹದಿನೈದನೇದಂವಾ ತನ್ನ ಜಾಗದಾಗ ಕುಂತಾನ. ಆಂವನ್ನ ಎಬ್ಬಸೂದು ಬ್ಯಾಡ. ಹೊಸಬಗ ತಲಿ ಮ್ಯಾಲ ಒಂದು ಅಕ್ಷರ ಇಟ್ಟು ಆಂವನ ಹಿಂದ ಜಾಗ ಮಾಡಿಕೊಡೂದು."

ತಲೆಯ ಮೇಲಿನ ಅಕ್ಷರ ತಡವಾಗಿ ಸಿಕ್ಕವನಿಗೆ, ಬಾಲದ ಅಕ್ಷರ ಅದೇ ನಾಣ್ಯ ಬೇರೆ ಲೋಹದಲ್ಲಿ ಬಂದಾಗ, ಚುಕ್ಕಿ ಅಂದರೆ ಸಣ್ಣಪುಟ್ಟ ವ್ಯತ್ಯಾಸ. ಮುದ್ರೆಯಲ್ಲಿ ಒಂದು ಹೂವು ಹೆಚ್ಚಿದ್ದರೂ ಸಾಕು. ಅವರು ಇದನ್ನು ನಾಣ್ಯಗಳಿಗಷ್ಟೇ ಬಿಟ್ಟಿರಲಿಲ್ಲ. ಅವರಿಗೆ ಇಬ್ಬರು ಗಂಡುಮಕ್ಕಳು. ತಮ್ಮ ತೀರಿಹೋದ ಮೇಲೆ ಅವನ ಮಗಳನ್ನೂ ಮನೆಗೆ ತಂದು ಬೆಳೆಸಿದರು. ವಯಸ್ಸಿನಲ್ಲಿ ಅವಳು ಇಬ್ಬರ ನಡುವೆ. ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ, "ಒಂದು, ಎ-ಎರಡು, ಎರಡು" ಎನ್ನುತ್ತಿದ್ದರು. ಆ ಹುಡುಗಿಯ ಮದುವೆಯಲ್ಲಿ ಬೀಗರ ಮುಂದೆಯೂ ಹಾಗೇ ಅಂದುಬಿಟ್ಟಾಗ ಅವರನ್ನು ಹೆಂಡತಿ ಚಾಚಿ ಕಣ್ಣಲ್ಲೇ ಸುಟ್ಟದ್ದು ನನಗೆ ನೆನಪಿದೆ. ಮದುಮಗಳು ಮಾತ್ರ ನಗುತ್ತಿದ್ದಳು. ಅವಳಿಗೆ ಅದರ ಅರ್ಥ ಗೊತ್ತಿತ್ತು.

ಖಾಲಿ ಇಪ್ಪತ್ತೆಂಟರ ಸಂಗತಿಯೇ ಬೇರೆ. ಹಿಂದಿನ ಮುದ್ರಣದಲ್ಲಿ ಅಲ್ಲೊಂದು ನಾಣ್ಯ ಇತ್ತಂತೆ. ಅದು ನಮ್ಮ ಸೀಮೆಯದಲ್ಲ ಎಂದು ತಿಳಿದ ಮೇಲೆ ತೆಗೆದು ಬೇರೆ ಕಡೆ ಹಾಕಿದರಂತೆ. ಹಾಗಾದರೆ ಆ ನಂಬರನ್ನು ಇನ್ನೊಂದಕ್ಕೆ ಕೊಟ್ಟರಾಯಿತು, ಎಣಿಕೆಯಾದರೂ ಸರಿಹೋಗುತ್ತದೆ ಎಂದೆ. ಚಾಚಾ ಚಹಾದ ಬಸಿ ಕೆಳಗಿಟ್ಟರು.

"ಕೊಡಬಾರ್ದು ಮಾಸ್ತರ್. ಎಷ್ಟು ಮಂದಿ ತಮ್ಮ ನಾಣ್ಯದ ಲಕೋಟಿ ಮ್ಯಾಲ ಇಪ್ಪತ್ತೆಂಟು ಅಂತ ಬರದಿಟ್ಟಾರೋ ಏನೋ. ಅವರೆಲ್ಲಾ ಸುಳ್ಳಾಗ್ತಾರ. ಒಮ್ಮಿ ಒಬ್ಬರಿಗೆ ಕೊಟ್ಟ ನಂಬರ್ ಖಾಲಿ ಬಿದ್ರೂ ಖಾಲೀನ ಇರಬೇಕು. ಯಾರಿಗೂ ಕೊಡಂಗಿಲ್ಲ."

ಇದೊಂದು ಮಾತಿನಲ್ಲಿ ಅವರು ಬಹಳ ಕಟ್ಟುನಿಟ್ಟು. ಪುಸ್ತಕದಲ್ಲಿ ಇಲ್ಲದ ನಾಣ್ಯ ಸಿಕ್ಕರೆ ಲಕೋಟೆಗೆ ಪೆನ್ಸಿಲಿನಿಂದ ತಾವೇ ಒಂದು ಎ ಅಥವಾ ಬಿ ಹಚ್ಚುತ್ತಿದ್ದರು, ಖಾಲಿ ನಂಬರಿನ ತಂಟೆಗೆ ಹೋಗುತ್ತಿರಲಿಲ್ಲ.

ಇನ್ನು ಚಾಚಿ. ಅವರ ತವರು ದೇವದುರ್ಗ. ಅವರಪ್ಪ ಊರೂರು ತಿರುಗಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ತಾಮ್ರ ಬೆಳಗುವುದರಲ್ಲಿ ಚಾಚಿಯನ್ನು ಮೀರಿಸಿದವರು ನಮ್ಮ ಜಿಲ್ಲೆಯಲ್ಲೇ ಇರಲಿಲ್ಲ ಎಂದು ಕಣ್ಣು ಮುಚ್ಚಿ ಹೇಳುತ್ತೇನೆ. ಹುಣಸೆಹಣ್ಣು, ಉಪ್ಪು, ಜರಡಿ ಹಿಡಿದ ಇಟ್ಟಿಗೆ ಪುಡಿ, ಇಷ್ಟೇ. ಹಸಿರುಗಟ್ಟಿದ ಹಂಡೆ ಅವರ ಕೈಗೆ ಹೋದರೆ ಸಂಜೆಗೆ ಮದುವಣಗಿತ್ತಿಯಾಗಿ ಬರುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಅಂಗಡಿ ನಿಂತದ್ದೇ ಆ ಕೈಯಿಂದ ಎಂದು ಚಾಚಾ ನನ್ನ ಎದುರು ಎಷ್ಟೋ ಸಲ ಹೇಳಿದ್ದಾರೆ. ಹಳೆಯ ನಾಣ್ಯಗಳ ಮೇಲೆ ಹಿಜರಿ ವರ್ಷದ ಜೊತೆ ರಾಜ ಪಟ್ಟಕ್ಕೆ ಬಂದು ಎಷ್ಟನೆಯ ವರ್ಷ ಎಂಬುದೂ ಇರುತ್ತದೆ. ಚಾಚಾ ಮನೆಯಲ್ಲಿಯೂ ಮದುವೆಯಾದ ವರ್ಷದಿಂದ ಹಾಗೇ ಎಣಿಸುತ್ತಿದ್ದರು. "ಬೇಗಂ ಗಾದಿ ಏರಿದ ಮೂರನೇ ವರ್ಷ ಈ ಅಂಗಡಿ ಮಾಳಿಗಿ ಹಾಕಿದ್ವಿ" ಎಂದು. ಪರದೆಯ ಆಚೆಯಿಂದ ಚಾಚಿ, "ಗಾದಿ ಎಲ್ಲದ, ಚಾಪಿ ಹರದದ" ಎನ್ನುತ್ತಿದ್ದರು.

ಚಾಚಾ ಹುಟ್ಟಿದ್ದು ಮಾನ್ವಿಯಲ್ಲಿ. ಒಂದು ಸಂತೆಯ ದಿನ ಮಾವನ ಮನೆಗೆಂದು ದೇವದುರ್ಗಕ್ಕೆ ಹೋದವರಿಗೆ ಗಬ್ಬೂರಿನ ಮುದುಕಿಯೊಬ್ಬಳು ತೂತು ಬಿದ್ದ ಹಂಡೆ ಮಾರಿದಳು. ಅದರ ಅಂಚಿನ ಮಡಿಕೆಯಲ್ಲಿ ಸಿಕ್ಕಿಕೊಂಡಿದ್ದ ಕಪ್ಪು ಬಿಲ್ಲೆಯೊಂದನ್ನು ರಾಯಚೂರಿಗೆ ಬಂದ ಮೇಲೆ ಕಂಡರು. ಮರುದಿನ ಬೆಳಿಗ್ಗೆ ಶಾಲೆಗೆ ಹೊರಟಿದ್ದ ನನ್ನನ್ನು ದಾರಿಗೆ ಅಡ್ಡ ಬಂದು ನಿಲ್ಲಿಸಿದರು.

"ಇದರ ಮ್ಯಾಲ ಊರ ಹೆಸರದ. ಅರ್ಧಾ ಅದ. ಆದ್ರ ಅದು ಮಾನ್ವಿನ ಮಾಸ್ತರ್."

ನನಗೆ ಕಂಡದ್ದು ಕಪ್ಪು ತಾಮ್ರದ ಮೇಲೆ ಒಂದಿಷ್ಟು ಗೆರೆ. ಮಾನ್ವಿಯಲ್ಲಿ ಟಂಕಸಾಲೆ ಇತ್ತೆಂದು ಯಾರೂ ಹೇಳಿದ್ದಿಲ್ಲ, ಪುಸ್ತಕದಲ್ಲಿಯೂ ಇಲ್ಲ. ಅವರ ಆಸೆ ಒಂದೇ ಆಯಿತು. ಆ ನಾಣ್ಯಕ್ಕೆ ಪುಸ್ತಕದಲ್ಲಿ ನಂಬರು ಸಿಗಬೇಕು. "ನಮ್ಮೂರ ಹೆಸರು ಬಸ್ಸಿನ ಬೋರ್ಡಿನ ಮ್ಯಾಲ ಅದ, ಅಕ್ಕಿ ಚೀಲದ ಮ್ಯಾಲ ಅದ. ನಾಣ್ಯದ ಮ್ಯಾಲ ಇತ್ತಂದ್ರ ಆ ಮಾತ ಬ್ಯಾರೆ ಅಲ್ರಿ? ಎ ಹಚ್ಚಲಿ, ಚುಕ್ಕಿ ಇಡಲಿ, ಎಲ್ಲೋ ಒಂದು ಮೂಲ್ಯಾಗ ಕುಂದರಸಲಿ."

ಪುಸ್ತಕದವರಿಗೆ ನಾನೇ ಬರೆದೆ. ಆಗಿನ ನನ್ನ ಫೋನಿನಲ್ಲಿ ತೆಗೆದ ಫೋಟೋದಲ್ಲಿ ನಾಣ್ಯ ಸುಟ್ಟ ಬೋಂಡದ ಹಾಗೆ ಬಂದಿತ್ತು. ಇದರಿಂದ ಏನೂ ತಿಳಿಯುವುದಿಲ್ಲ ಎಂದು ಉತ್ತರ ಬಂತು. ಆದರೆ ಬಾಗಿಲು ಪೂರ್ತಿ ಹಾಕಲಿಲ್ಲ. ನಮ್ಮ ಸೀಮೆಯ ನಾಣ್ಯಗಳನ್ನು ಪರೀಕ್ಷಿಸುವ ಹಿರಿಯರೊಬ್ಬರು ಹೈದರಾಬಾದಿನಲ್ಲಿದ್ದಾರೆ, ಅವರೇ ಬಂದು ನೋಡುತ್ತಾರೆ, ಒಳ್ಳೆಯ ಕ್ಯಾಮೆರಾ ತರುತ್ತಾರೆ, ಅವರು ಹೌದೆಂದರೆ ಮುಂದಿನ ಮುದ್ರಣದಲ್ಲಿ ನಂಬರು ಎಂದರು. ಅವರು ಬರುವ ದಿನ ಗೊತ್ತಾದಾಗಿನಿಂದ ಚಾಚಾಗೆ ಅನ್ನ ಸೇರಲಿಲ್ಲ. ನಾಣ್ಯವನ್ನು ಲಕೋಟೆಯಿಂದ ತೆಗೆದು ಮನೆಯ ಕಿಟಕಿಯಲ್ಲಿ ಒಂದು ಪಿಂಗಾಣಿ ತಟ್ಟೆಯಲ್ಲಿಟ್ಟರು. ಹೋಗಿ ಬಂದು ನೋಡುವುದು, ಮುಟ್ಟದೆ ಹಿಂದೆ ಸರಿಯುವುದು. ಚಾಚಿಗೆ ಹೇಳಿದ್ದು ಇಷ್ಟೇ, "ದೊಡ್ಡ ಮೆಹಮಾನ್ ಬರಾಕತ್ತಾರ. ನಮ್ಮ ತಾಮ್ರ ನೋಡಾಕ."

ತಾಮ್ರ ನೋಡಲು ಮನೆಗೆ ಅತಿಥಿ ಬರುತ್ತಾರೆಂದರೆ ಕಲಾಯಿಯವರ ಮಗಳು ಏನು ಮಾಡಬೇಕೋ ಅದನ್ನೇ ಚಾಚಿ ಮಾಡಿದರು.

ಆ ದಿನ ನಾನು ಅತಿಥಿಯನ್ನು ಸ್ಟೇಷನ್ನಿನಿಂದ ಕರೆದುಕೊಂಡು ಬಂದೆ. ಮನೆ ಹೊಕ್ಕರೆ ಕಣ್ಣು ಕೋರೈಸಿತು. ಹಂಡೆ, ತಂಬಿಗೆ, ದೇಗು, ಪಾನ್‌ದಾನ್, ಎಲ್ಲ ಬೆಂಕಿಯ ಬಣ್ಣ. ಕಿಟಕಿಯ ತಟ್ಟೆಯಲ್ಲಿ ಮಾನ್ವಿಯ ನಾಣ್ಯವೂ ಕೆಂಪಗೆ ಹೊಸದರಂತೆ ಹೊಳೆಯುತ್ತಿತ್ತು. ಚಾಚಾ ಬೆಳಗಿನ ನಮಾಜು ಮುಗಿಸಿ ಅಂಗಡಿಗೆ ಹೋದವರು ನಮ್ಮ ಜೊತೆಗೇ ಒಳಗೆ ಬಂದಿದ್ದರು. ಅವರೂ ಆಗಲೇ ನೋಡಿದರು.

ಅತಿಥಿ ಭೂತಗನ್ನಡಿ ತೆಗೆದು ನಾಣ್ಯವನ್ನು ಕಣ್ಣಿನ ಹತ್ತಿರ ತಂದರು. ತಿರುಗಿಸಿದರು. ನಾನೂ ಬಗ್ಗಿ ನೋಡಿದೆ. ಮೊದಲೇ ಸವೆದಿದ್ದ ಅಕ್ಷರಗಳ ಜಾಗದಲ್ಲಿ ಇಟ್ಟಿಗೆ ಪುಡಿಯ ಸಣ್ಣ ಗೀರುಗಳಿದ್ದವು. ಊರ ಹೆಸರಿದ್ದ ಕಡೆ ಅಂಗೈಯ ಹಾಗೆ ನುಣುಪು. ಅತಿಥಿ ಬಾಯಿ ತೆರೆಯುವುದರಲ್ಲಿದ್ದರು. ಬಾಗಿಲ ಪರದೆಯ ಹತ್ತಿರ ಚಾಚಿ ನಿಂತಿದ್ದರು, ಕೈ ಇನ್ನೂ ಹುಣಸೆಹುಳಿಗೆ ಕೆಂಪಾಗಿತ್ತು. ಚಾಚಾ ಅತಿಥಿಗಿಂತ ಮೊದಲೇ ಮಾತಾಡಿಬಿಟ್ಟರು.

"ಚಂದ ಅದ ಅಲ್ರಿ ಸಾಬ್? ನಮ್ಮ ಮನ್ಯಾಕಿ ಬೆಳಗ್ಯಾಳ. ಇಂಥಾ ಕೈ ಇಡೀ ಹೈದರಾಬಾದನಾಗ ಸಿಗಂಗಿಲ್ಲ."

ಅತಿಥಿ ಚಾಚಾ ಅವರ ಮುಖ ನೋಡಿದರು, ಪರದೆಯ ಕಡೆ ನೋಡಿದರು. ಒಳ್ಳೆಯ ಮನುಷ್ಯ. "ಬಹುತ್ ಖೂಬ್" ಎಂದು ನಾಣ್ಯವನ್ನು ತಟ್ಟೆಗೆ ಇಟ್ಟರು. ಊಟಕ್ಕೆ ಕೂತರು. ಹೊರಡುವಾಗ ಓಣಿಯ ತಿರುವಿನಲ್ಲಿ, ಇನ್ನು ಇದಕ್ಕೆ ನಂಬರು ಕೊಡಲು ಆಗುವುದಿಲ್ಲ, ಏನನ್ನು ನೋಡಿ ಕೊಡಲಿ ಎಂದರು. "ಗೊತ್ತದ್ರಿ" ಎಂದರು ಚಾಚಾ. ಅಷ್ಟೇ. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತ್ತು. ಕೇಳದೆ ಕೈ ಹಚ್ಚಿದ್ದೇಕೆ ಎಂದು ಚಾಚಿಯನ್ನು ಕೇಳಿಯೇಬಿಡಬೇಕೆಂದು ಚಾಚಾ ಅವರ ಹಿಂದೆಯೇ ಮನೆಗೆ ಬಂದೆ.

ಚಾಚಿ ಬಾಗಿಲಲ್ಲೇ ಇದ್ದರು. "ಏನಂದ್ರು?"

"ನಂಬರ್ ಕೊಟ್ರು ಬೇಗಂ. ಇಷ್ಟು ಹೊಳಿಯೂ ನಾಣ್ಯ ಅವರು ನೋಡೇ ಇಲ್ಲಂತ. ಇಪ್ಪತ್ತೆಂಟು."

ಕೇಳಲು ಬಂದದ್ದನ್ನು ಅಲ್ಲಿಗೇ ಬಿಟ್ಟೆ. ಯಾರಿಗೂ ಕೊಡಬಾರದು ಎಂದು ವರ್ಷಗಟ್ಟಲೆ ನನ್ನ ಜೊತೆ ಜಗಳವಾಡಿದ ನಂಬರನ್ನು ಅವರು ಹೊಸ್ತಿಲ ಮೇಲೆ ನಿಂತು ಒಂದು ಸುಳ್ಳಿನ ಜೊತೆ ಕೊಟ್ಟುಬಿಟ್ಟಿದ್ದರು. ಚಾಚಿ ಸೆರಗಿನಿಂದ ಕೈ ಒರೆಸಿಕೊಂಡು, "ಹಂಗಾರ ಇದನ್ನ ಹಿಂಗ ಹೊಳಿಯೂ ಹಂಗ ಇಡಬೇಕು" ಎಂದರು. "ಇಡು" ಎಂದರು ಚಾಚಾ.

ಚಾಚಿ ಮಾತು ತಪ್ಪಲಿಲ್ಲ. ಪ್ರತಿ ವರ್ಷ ಈದ್ ಹಬ್ಬದ ಹಿಂದಿನ ದಿನ ಮನೆಯ ತಾಮ್ರವೆಲ್ಲ ಅಂಗಳಕ್ಕೆ ಬರುತ್ತಿತ್ತು. ಎಲ್ಲಕ್ಕಿಂತ ಮೊದಲು ಆ ನಾಣ್ಯ. ಉಳಿದಿದ್ದ ರಾಜನ ಹೆಸರೂ ಹೋಯಿತು, ಅಂಚಿನ ಚುಕ್ಕಿಗಳೂ ಹೋದವು. ಚಾಚಾ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ನೋಡುತ್ತಿದ್ದರು. ಬಂದ ನೆಂಟರಿಗೆಲ್ಲ ತಟ್ಟೆ ಹಿಡಿದು ತೋರಿಸುತ್ತಿದ್ದರು, ಇದು ಇಪ್ಪತ್ತೆಂಟು, ಬೇಗಂ ಬೆಳಗಿದ್ದಕ್ಕೆ ಸಿಕ್ಕಿದ್ದು ಎಂದು. ಒಂದು ಸಲ ತಡೆಯಲಾರದೆ, ಇನ್ನಾದರೂ ಬಿಡಿಸಬಾರದೇ, ನಾಣ್ಯ ಬರೀ ತಗಡಾಗುತ್ತಿದೆ ಎಂದೆ. ಚಾಚಾ ಎದುರಿಗಿದ್ದ ತಂಬಿಗೆಯೊಂದನ್ನು ಗೆಣ್ಣಿನಿಂದ ಬಡಿದು ಅದರ ದನಿ ನಿಲ್ಲುವವರೆಗೂ ಕೇಳಿದರು. "ನಾಣ್ಯ ಸಿಕ್ಕಿದ್ದು ಈಗ ಮಾಸ್ತರ್. ಆಕಿ ಅದಕ್ಕಿಂತ ಮೊದಲಿನ ನಂಬರ್" ಎಂದರು. ಆಮೇಲೆ ನಾನು ಆ ಮಾತು ಎತ್ತಲಿಲ್ಲ. ಆದರೆ ಚಾಚಿಯ ಮೇಲಿನ ಮುನಿಸು ನನ್ನ ಮನಸ್ಸಿನ ಮೂಲೆಯಲ್ಲಿ ಉಳಿದೇ ಇತ್ತು, ಅವರ ಕೈಯ ಬಿರಿಯಾನಿ ತಿನ್ನುವಾಗಲೂ.

ಚಾಚಾ ಹೆಚ್ಚು ನರಳದೆ ಹೋದರು. ನಲವತ್ತನೆಯ ದಿನದ ಊಟಕ್ಕೆ ಕರೆ ಬಂತು. ಜನ ಎದ್ದ ಮೇಲೆ ಚಾಚಿ ನನ್ನನ್ನು ಕೂರಿಸಿ, ಮೇಣಬಟ್ಟೆಯ ಅಂಗಿ ತೊಟ್ಟ ಪುಸ್ತಕವನ್ನು ತಂದು ಮುಂದಿಟ್ಟರು.

"ನಾಣ್ಯ ಎಲ್ಲಾ ಮಕ್ಕಳು ಇಟ್ಕೊಂತಾರ. ಈ ಪುಸ್ತಕ ನೀವು ತೊಗೊಂಡು ಹೋಗ್ರಿ ಮಾಸ್ತರ್. ಅವರೂ ಹಂಗ ಅಂದಿದ್ರು. ಆದ್ರ ಒಮ್ಮಿ ಇಪ್ಪತ್ತೆಂಟು ಎಲ್ಲದ ತೋರಿಸಿ ಹೋಗ್ರಿ."

ಚಾಚಿಗೆ ಇಂಗ್ಲಿಷ್ ಬಾರದು, ಆದರೆ ತಕ್ಕಡಿಯ ಕಲ್ಲು ಹಿಡಿದವರು, ಅಂಕಿ ಚೆನ್ನಾಗಿ ಬರುತ್ತಿತ್ತು. ಹಾಳೆ ತೆರೆದೆ. ಅವರು ಬೆರಳಿಟ್ಟು ಕೆಳಗಿಳಿದರು. ಇಪ್ಪತ್ತಾರು, ಇಪ್ಪತ್ತೇಳು, ಇಪ್ಪತ್ತೊಂಬತ್ತು. ಬೆರಳು ಮತ್ತೆ ಮೇಲೆ ಹೋಯಿತು.

"ಇಲ್ಲಲ್ರಿ."

ನಾನು ಹೇಳಿದೆ, "ಅದು ನಿಮ್ಮ ಮನ್ಯಾಗ ಅದಲ್ರಿ ಚಾಚಿ. ಅದಕ್ಕ ಪುಸ್ತಕದಾಗ ಜಾಗ ಖಾಲಿ ಬಿಟ್ಟಾರ."

ಚಾಚಿ ನನ್ನನ್ನು ನೋಡಿ ನಕ್ಕರು. ಕಣ್ಣಲ್ಲಿ ನೀರಿತ್ತು. "ನೀವೂ ಅವರ ಹಂಗ ಆದ್ರಿ ಬಿಡ್ರಿ. ನಂಬರ್ ಸಿಕ್ಕಿಲ್ಲಂತ ನನಗ ಅವತ್ತ ಗೊತ್ತಾಗಿತ್ತು. ಆ ಸಾಬ್ ಊಟಾ ಅರ್ಧಕ್ಕ ಬಿಟ್ಟು ಎದ್ರು. ನಿಮ್ಮ ಮಾರಿ ಅಂತೂ ನೋಡೂ ಹಂಗಿದ್ದಿಲ್ಲ. ಹುಣಸೀಹಣ್ಣು ಹಚ್ಚಬಾರ್ದಿತ್ತು, ನನ್ನ ಕೈಲಿಂದ ಹಾಳಾತು. ಅವರು ನನಗ ಯಾವ ಜಾಗ ಕೊಟ್ಟಿದ್ರು ಅಂತ ಒಮ್ಮಿ ನೋಡಬೇಕಂತಿತ್ತು, ಅಷ್ಟ."

ನಾನು ಕೇಳಿದೆ, "ಗೊತ್ತಿದ್ದೂ ವರ್ಷಾ ವರ್ಷಾ ಯಾಕ ಬೆಳಗಿದ್ರಿ?"

"ಬಿಟ್ಟಿದ್ರ, ನನಗ ಗೊತ್ತಾಗೇದ ಅಂತ ಅವರಿಗೆ ಗೊತ್ತಾಗ್ತಿತ್ತಲ್ರಿ."

ಇಷ್ಟು ವರ್ಷ ಒಳಗೊಳಗೇ ಇಟ್ಟುಕೊಂಡಿದ್ದ ಮುನಿಸು ನನ್ನನ್ನು ಬಿಟ್ಟುಹೋದದ್ದು ಆಗ. ಆ ಖಾಲಿ ನಂಬರನ್ನು ಚಾಚಾ ಯಾರಿಗೂ ಕೊಡಬಾರದೆನ್ನುತ್ತಿದ್ದರು, ಅದಕ್ಕಾಗಿ ನನ್ನ ಜೊತೆ ಎಷ್ಟು ಜಗಳವಾಡಿದ್ದರು, ಅದನ್ನೇ ಚಾಚಿಗೆ ಕೊಟ್ಟರು, ಇದೆಲ್ಲವನ್ನೂ ಅವರಿಗೆ ಹೇಳಿದೆ. ಚಾಚಿ ಕೇಳುತ್ತಾ ಇಪ್ಪತ್ತೇಳರ ಕೆಳಗೆ ಬೆರಳಿಟ್ಟುಕೊಂಡೇ ಕೂತಿದ್ದರು. ಒಳಗಿನಿಂದ ಯಾರೋ ಕರೆದ ಮೇಲೆ ಎದ್ದು ಹೋದರು.

ಈ ಸಲದ ಈದಿಗೆ ಹೋಗಿದ್ದೆ. ಮನೆಯ ಪಾತ್ರೆಗಳೆಲ್ಲ ಎಂದಿನಂತೆ ಥಳಥಳ ಎನ್ನುತ್ತಿದ್ದವು. ಕಿಟಕಿಯ ಪಿಂಗಾಣಿ ತಟ್ಟೆಯಲ್ಲಿ ನಾಣ್ಯ ಮಾತ್ರ ಮಬ್ಬಾಗಿತ್ತು, ಅಂಚಿನಿಂದ ಕಪ್ಪು ಏರತೊಡಗಿತ್ತು. ನಾನು ಅದನ್ನೇ ನೋಡುತ್ತಿದ್ದದ್ದು ಚಾಚಿಯ ಕಣ್ಣಿಗೆ ಬಿತ್ತು. ಸುರಕುಂಬಾ ಪಾಯಸದ ಬಟ್ಟಲನ್ನು ನನ್ನ ಕೈಗಿಟ್ಟು ಹೇಳಿದರು.

"ಈ ಸಲ ಬೆಳಗಿಲ್ರಿ ಮಾಸ್ತರ್. ಇನ್ನ ಯಾರಿಗೆ ಗೊತ್ತಾಗಬಾರ್ದು?"